ಪ್ರಶ್ನೆಗೆ ಹತ್ತು ಬಸ್ಕಿ

ಹತ್ತಿರ ಬಂದು ಕೂತುಕೊಳ್ಳಿ. ಕಾಲು ನೋಯುವವರು ಗೋಡೆಗೆ ಒರಗಿ. ನಡುವೆ ಮಾತ್ರ ಯಾರೂ ಪ್ರಶ್ನೆ ಕೇಳಬೇಡಿ. ಕೇಳಿದರೆ ಏನಾಗುತ್ತದೆ ಅನ್ನುವುದೇ ಈ ಕತೆ.

ಒಂದು ಪೇಟೆ. ಆ ಪೇಟೆಯಲ್ಲಿ ಒಂದು ಪುರಿಭಟ್ಟಿ. ಭಟ್ಟಿಯ ಮುಂದೆ ಚಿಕ್ಕತಾಯಮ್ಮ. ಬಾಣಲೆಯಲ್ಲಿ ಕಾದ ಮರಳು, ಮರಳಿಗೆ ಅಕ್ಕಿ, ಅಕ್ಕಿ ಚಟಚಟ ಸಿಡಿದರೆ ಪುರಿ. ಅಕ್ಕಿಗಿಂತ ಮೊದಲು ಸಿಡಿಯುವವಳು ಚಿಕ್ಕತಾಯಮ್ಮನೇ.

ಸಿಡಿಯುವುದಕ್ಕೆ ಕಾರಣವೂ ಇತ್ತು. ಅವಳಿಗೆ ಒಬ್ಬನೇ ಮಗ, ಮರಿಮಾದ. ವಯಸ್ಸು ಇಪ್ಪತ್ತು, ಎತ್ತರ ಬಾಗಿಲಷ್ಟು, ಬುದ್ಧಿ ಹೊಸ್ತಿಲಷ್ಟು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದೇ ಅವನ ಗುಣ, ಅದೇ ಅವನ ರೋಗ. "ಹಾಲು ಉಕ್ಕುತ್ತೆ, ನೋಡ್ತಾ ಇರು" ಅಂದರೆ, ಉಕ್ಕಿ ಒಲೆ ಆರಿ ಪಾತ್ರೆ ಬರಿದಾಗುವ ತನಕ ಕಣ್ಣು ಮಿಟುಕಿಸದೆ ನೋಡಿದವನು ಅವನು.

ಮೂವತ್ತು ವರ್ಷ ಒಲೆ ಮುಂದೆ ಕುಕ್ಕರಗಾಲಲ್ಲಿ ಕೂತು ಚಿಕ್ಕತಾಯಮ್ಮನ ಮಂಡಿ ಸವೆದಿತ್ತು. ಮಗನಿಗೊಂದು ಕೆಲಸ ಸಿಕ್ಕರೆ ಭಟ್ಟಿ ಆರಿಸಿಬಿಡುತ್ತೇನೆ ಅಂತ ಕಾದಿದ್ದಳು. ಅಷ್ಟರಲ್ಲಿ ಹೈಸ್ಕೂಲಿನ ಜವಾನನಿಗೆ ನಿವೃತ್ತಿಯಾಯಿತು. ಡ್ರಿಲ್ ಮೇಷ್ಟ್ರು ಜವರಪ್ಪ, ಮರಿಮಾದನ ತೀರಿಹೋದ ಅಪ್ಪನ ಜೊತೆ ಗರಡಿಯಲ್ಲಿ ಮಣ್ಣು ಮೆತ್ತಿಕೊಂಡವರು. ಅವರೇ ಬಂದು ಹೇಳಿದರು:

"ತಾಯಮ್ಮ, ಐದು ದಿನ ಕಳಿಸು. ಶುಕ್ರವಾರ ಸ್ಕೂಲು ನೋಡೋಕೆ ಇನ್ಸ್‌ಪೆಕ್ಟರ್ ಸಾಹೇಬ್ರು ಬರ್ತಾರೆ. ಒಪ್ಪಿದ್ರೆ ಕೆಲಸ ಕಾಯಂ. ಒಪ್ಪದಿದ್ರೆ ನಾನೇನೂ ಮಾಡೋಕಾಗಲ್ಲ."

ಸೋಮವಾರ ಮರಿಮಾದ ಹೋದ. ವಿಜ್ಞಾನದ ಮೇಷ್ಟ್ರು ಶ್ರೀಕಂಠಯ್ಯ ಅವನನ್ನು ಕ್ಲಾಸಿನ ಮೂಲೆಯಲ್ಲಿ ನಿಲ್ಲಿಸಿದರು. ಆ ಕ್ಲಾಸಿನಲ್ಲಿ ಮಕ್ಕಳು ಅರ್ಧ ನಿದ್ದೆ, ಅರ್ಧ ಆಕಳಿಕೆ. ಮೇಷ್ಟ್ರು ಪುಸ್ತಕ ಓದುವುದು, ಮಕ್ಕಳು ಬರೆದುಕೊಳ್ಳುವುದು. ಬಾಯಿ ತೆರೆದರೆ ತಪ್ಪು.

"ನೋಡು, ನನ್ನ ಕ್ಲಾಸಲ್ಲಿ ಯಾರು ಪ್ರಶ್ನೆ ಕೇಳಿದ್ರೂ ಕಿವಿ ಹಿಡಿಸಿ ಹತ್ತು ಬಸ್ಕಿ. ಎಣಿಸೋದು ನಿನ್ನ ಕೆಲಸ. ಯಾರೇ ಆಗ್ಲಿ, ಮುಖ ನೋಡ್ಬೇಡ!"

"ಆಗ್ಲಿ ಮೇಷ್ಟ್ರೇ."

"ಈಗ ಹೋಗಿ ಐಸ್ ಫ್ಯಾಕ್ಟರಿಯಿಂದ ಒಂದು ಗಡ್ಡೆ ಐಸು ತಗೊಂಡು ಬಾ. ಬಟ್ಟೇಲಿ ಕಟ್ಕೊಂಡು ಬಾ."

ಮರಿಮಾದ ತೆಳ್ಳಗಿನ ಪಂಚೆಯಲ್ಲಿ ಕಟ್ಟಿದ. ಹೆಗಲಿಗೆ ಹಾಕಿದ. ಮಟಮಟ ಮಧ್ಯಾಹ್ನದಲ್ಲಿ ನಿಧಾನವಾಗಿ ಬಂದ. ಕ್ಲಾಸಿಗೆ ಬರುವಷ್ಟರಲ್ಲಿ ಪಂಚೆ ಇತ್ತು, ಬೆನ್ನು ಒದ್ದೆ ಇತ್ತು, ಐಸು ಇರಲಿಲ್ಲ!

ಮುಂದಿನ ಬೆಂಚಿನ ಜರೀನಾ ಎದ್ದು ನಿಂತಳು. "ಸಾರ್, ಐಸ್ ಗಾಡಿಯವರು ಊರೆಲ್ಲ ಸುತ್ತುತ್ತಾರೆ, ಅವರದ್ದು ಯಾಕೆ ಕರಗಲ್ಲ?"

"ಅದು ಪಾಠದಲ್ಲಿಲ್ಲ! ಹಿಡ್ಕೋ ಕಿವಿ!"

ಮರಿಮಾದ ಎಣಿಸಿದ. ಒಂದು, ಎರಡು, ಮೂರು... ಹತ್ತು.

ಸಂಜೆ ಚಿಕ್ಕತಾಯಮ್ಮ ಸಿಡಿದಳು. "ಪೆದ್ದು ಮುಂಡೇದೆ! ಐಸನ್ನ ಪಂಚೇಲಿ ಕಟ್ತಾರೇನೋ? ಭತ್ತದ ಹೊಟ್ಟು ತುಂಬಿದ ಗೋಣಿಚೀಲದೊಳಗೆ ಇಡ್ಬೇಕು ಕಣೋ! ಹೊಟ್ಟು ಬಿಸಿಲಿನ ಕಾವನ್ನ ಒಳಕ್ಕೆ ಬಿಡಲ್ಲ! ಬಾಯಿ ಬಿಗಿದು, ಒಂದೇ ಉಸಿರಿಗೆ ಓಡಿ ಬರ್ಬೇಕು!"

"ಹಂಗೇ ಮಾಡ್ತೀನಿ ಕಣವ್ವ."

ಮಂಗಳವಾರ ಮೇಷ್ಟ್ರಿಗೆ ನೀರು ಕುದಿಸಿ ತೋರಿಸಬೇಕಾಗಿತ್ತು. "ನಿಮ್ಮವ್ವನ ಭಟ್ಟಿಯಿಂದ ನಾಲ್ಕು ಕೆಂಡ ತಗೊಂಡು ಬಾ" ಅಂದರು. ಅವ್ವ ಅಕ್ಕಿ ತರಲು ಅಂಗಡಿಗೆ ಹೋಗಿದ್ದಳು. ಮರಿಮಾದ ಅವಳ ಮಾತು ಮರೆತಿರಲಿಲ್ಲ. ಗೋಣಿಚೀಲಕ್ಕೆ ಹೊಟ್ಟು ತುಂಬಿದ. ಹೊಟ್ಟಿನೊಳಗೆ ಕೆಂಡ ಹುದುಗಿಸಿದ. ಬಾಯಿ ಬಿಗಿದ. ಒಂದೇ ಉಸಿರಿಗೆ ಓಡಿದ!

ಓಡಿದಷ್ಟೂ ಹೊಗೆ. ಇನ್ನೂ ಓಡಿದ, ಇನ್ನೂ ಹೊಗೆ. ಬೀದಿಯವರೆಲ್ಲ "ಬಿಸಾಕೋ! ಬಿಸಾಕೋ!" ಅಂದರು. "ಅವ್ವ ಓಡು ಅಂದವ್ಳೆ!" ಅಂತ ಅವನು ಮತ್ತೂ ಓಡಿದ. ಶಾಲೆಯ ಗೇಟಿನ ಹತ್ತಿರ ಚೀಲ ಧಗ್ಗನೆ ಹತ್ತಿಕೊಂಡಿತು. ಅಂಗಿಯ ಬೆನ್ನು ಸುಟ್ಟಿತು. ಜವರಪ್ಪ ಮೇಷ್ಟ್ರು ಅವನನ್ನು ನೆಲಕ್ಕೆ ಕೆಡವಿ ಮಣ್ಣಲ್ಲಿ ಹೊರಳಿಸದಿದ್ದರೆ ಬೆನ್ನೂ ಸುಡುತ್ತಿತ್ತು.

"ಓಡಿದ್ರೆ ಬೆಂಕಿ ಯಾಕೆ ಜಾಸ್ತಿ ಆಗುತ್ತೆ, ಸಾರ್?" ಅಂತ ಕ್ಲಾಸಿನಲ್ಲಿ ಮೂವರು ಮಕ್ಕಳು ಕೇಳಿದರು. ಮೂವರಿಗೂ ಬಸ್ಕಿ.

ಆ ಮೂವರು ಮತ್ತು ಜರೀನಾ ಸಂಜೆ ಭಟ್ಟಿಯ ಮುಂದೆ ಬಂದು ನಿಂತರು. ಚಿಕ್ಕತಾಯಮ್ಮ ಮಗನಿಗೆ ಉಗಿಯುತ್ತಿದ್ದಳು, ಅದೇ ಉಸಿರಿನಲ್ಲಿ ಅವರಿಗೂ ಉಗಿದಳು. "ನನ್ನ ಭಟ್ಟಿ ಏನು ಸ್ಕೂಲಾ? ಇದನ್ನೂ ಬಾಯಿ ಬಿಟ್ಟು ಹೇಳ್ಬೇಕಾ? ಊದುಗೊಳವೆ ಯಾಕೆ ಇಟ್ಕೊಂಡಿದೀನಿ, ಕೊಳಲು ಬಾರಿಸೋಕಾ? ಗಾಳಿ ತಿಂದ್ರೇನೇ ಬೆಂಕಿ ಬೆಳೆಯೋದು! ತಗೋ, ಊದಿ ನೋಡು. ಈಗ ಬೂದಿ ಮುಚ್ಚಿ ನೋಡು. ಸುಮ್ನಾಯ್ತಲ್ಲ. ಗೊತ್ತಾಯ್ತಲ್ಲ. ನಡೀರಿ ಮನೆಗೆ!"

ಮಗನ ಕಡೆ ತಿರುಗಿದಳು. "ಇನ್ಮೇಲೆ ಎಲ್ಲಾದ್ರೂ ಹೊಗೆ ಕಂಡ್ರೆ ಯೋಚನೆ ಮಾಡ್ಬೇಡ. ಒಂದು ಕೊಡ ತಣ್ಣೀರು ತಗೋ, ಸುರಿ!"

"ಹಂಗೇ ಮಾಡ್ತೀನಿ ಕಣವ್ವ."

ಶಿವರಾತ್ರಿ ಇನ್ನೂ ಬಂದಿರಲಿಲ್ಲ. ಮಧ್ಯಾಹ್ನ ಬಿಸಿಲಾದರೂ ಬೆಳಗ್ಗೆ ಹಲ್ಲು ಕಟಕಟ ಅನ್ನುವ ಚಳಿ. ಬುಧವಾರ ಬೆಳಗ್ಗೆ ಜವರಪ್ಪ ಮೇಷ್ಟ್ರು ಮೈದಾನದಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿದ್ದರು.

"ಮೈ ಬಗ್ಗಿಸ್ರೋ! ಸಾಮು ಮಾಡಿದೋನಿಗೆ ಉಂಡಿದ್ದು ಅರಗುತ್ತೆ, ಮಲಗಿದ್ರೆ ನಿದ್ದೆ ಬರುತ್ತೆ, ಕೂತ್ರೆ ಪಾಠ ಹತ್ತುತ್ತೆ! ನನಗೆ ಐವತ್ತೇಳು ವರ್ಷ. ನೋಡಿ!" ಅಂತ ಇನ್ನೂರು ಬಸ್ಕಿ ಹೊಡೆದು ತೋರಿಸಿದರು. ಹೊಡೆದು ಎದೆ ಸೆಟೆಸಿ ನಿಂತರು. ಬೋಳು ತಲೆ ಬೆವರಿತ್ತು. ಆ ಚಳಿಗಾಳಿಗೆ ತಲೆಯಿಂದ ಬಿಳಿ ಹಬೆ ಸುಳಿಸುಳಿಯಾಗಿ ಏಳುತ್ತಿತ್ತು.

ಮರಿಮಾದ ನೋಡಿದ. ಹೊಗೆ! ಮೇಷ್ಟ್ರ ತಲೆಗೆ ಬೆಂಕಿ ಬಿದ್ದಿದೆ!

ಒಂದು ಕೊಡ ತಣ್ಣೀರು ತಂದ, ಸುರಿದ.

ಮೇಷ್ಟ್ರ ಕೂಗು ಪೇಟೆಗೆಲ್ಲ ಕೇಳಿಸಿತು. ಗಡಗಡ ನಡುಗುತ್ತಾ ಸೀದಾ ಭಟ್ಟಿಗೇ ಬಂದು ಮೈ ಕಾಯಿಸಿಕೊಳ್ಳುತ್ತಾ ಕೂತರು. "ತಾಯಮ್ಮ, ಇವನಪ್ಪ ನನ್ನನ್ನ ನೂರು ಸಲ ಎತ್ತಿ ಎಸೆದವ್ನೆ. ಒಂದು ಸಲಾನೂ ಹಿಂಗೆ ನಡುಗಿಲ್ಲ ಕಣಮ್ಮ!"

ಚಿಕ್ಕತಾಯಮ್ಮ ಸೌಟು ಎತ್ತಿಕೊಂಡಳು. "ಅಯ್ಯೋ ನನ್ನ ಕರ್ಮವೇ! ಬಿಸಿ ಮೈಯಿಂದ ಬೆವರು ಹಬೆಯಾಗಿ ಏಳುತ್ತೆ, ಅದು ಹೊಗೆಯೇನೋ? ನಿಮ್ಮಪ್ಪ ಸಾಮು ಮಾಡಿ ಬಂದ್ರೆ ನಾನು ನೀರು ಸುರೀತಿದ್ನಾ? ಬೆವರು ಕಂಡ್ರೆ ಹರಳೆಣ್ಣೆ ಹಚ್ಚಬೇಕು! ಮೇಲಿಂದ ಕೆಳಕ್ಕೆ ನೀವಬೇಕು! ಒಂದು ಹನೀನೂ ಬೆವರು ಉಳೀಬಾರ್ದು, ಹಂಗೆ ನೀವಬೇಕು!"

"ಹಂಗೇ ಮಾಡ್ತೀನಿ ಕಣವ್ವ."

ಗುರುವಾರ ಶ್ರೀಕಂಠಯ್ಯ ಮೇಷ್ಟ್ರು ಸಾಹೇಬರಿಗೆ ಅಂತ ಹೊಸ ಮಣ್ಣಿನ ಮಡಕೆ ತರಿಸಿ, ನೀರು ತುಂಬಿಸಿ, ಕಿಟಕಿಯಲ್ಲಿ ಇಡಿಸಿದರು. ಮರಿಮಾದ ಕಾವಲು ನಿಂತ. ಸ್ವಲ್ಪ ಹೊತ್ತಿಗೆ ಮಡಕೆಯ ಮೈ ತೇವವಾಯಿತು. ಹನಿ ಮೂಡಿತು.

"ಅಯ್ಯೋ ಪಾಪ, ಬೆವರ್ತಾ ಐತೆ!"

ಮರಿಮಾದ ಒರೆಸಿ ಒರೆಸಿ ಹರಳೆಣ್ಣೆ ಹಚ್ಚಿದ. ಮೇಲಿಂದ ಕೆಳಕ್ಕೆ ನೀವಿದ. ಕಂಠ ನೀವಿದ, ಹೊಟ್ಟೆ ನೀವಿದ, ತಳ ನೀವಿದ. ಅರ್ಧ ಸೇರು ಎಣ್ಣೆ ಕುಡಿದು ಮಡಕೆ ಮಿರಮಿರ ಮಿಂಚಿತು. ಬೆವರು ನಿಂತಿತು.

ಮಧ್ಯಾಹ್ನ ಮೇಷ್ಟ್ರು ಒಂದು ಲೋಟ ಕುಡಿದು ಥೂ ಅಂತ ಉಗಿದರು. ಬೆಚ್ಚಗಿನ ನೀರು! "ಎಣ್ಣೆ ಹಚ್ಚಿದ್ರೆ ನೀರು ಯಾಕೆ ತಣ್ಣಗಾಗಲ್ಲ ಸಾರ್?" ಈ ಸಲ ಇಡೀ ಕ್ಲಾಸೇ ಕೇಳಿತು. ಒಬ್ಬರೂ ಆಕಳಿಸುತ್ತಿರಲಿಲ್ಲ. ಇಡೀ ಕ್ಲಾಸಿಗೆ ಬಸ್ಕಿ. ಜವರಪ್ಪ ಮೇಷ್ಟ್ರ ಸಾಮಿನಿಂದ ಅವರ ತೊಡೆ ಎಷ್ಟು ಗಟ್ಟಿಯಾಗಿತ್ತು ಅಂದರೆ, ಹತ್ತನ್ನು ನಗುನಗುತ್ತಾ ಹೊಡೆದು ಸೀದಾ ಭಟ್ಟಿಗೆ ಓಡಿದರು.

ಚಿಕ್ಕತಾಯಮ್ಮನ ಮುಖ ಕೆಂಡವಾಗಿತ್ತು. ನಾಳೆ ಸಾಹೇಬರು! ಭಟ್ಟಿ ಆರುವ ಆಸೆಯೇ ಆರಿಹೋಗುತ್ತಿತ್ತು. "ಮಡಕೆ ಬೆವರಿದ್ರೇನೇ ನೀರು ತಣ್ಣಗಾಗೋದು! ಬೆವರು ಆರುವಾಗ ಕಾವು ಹೊತ್ಕೊಂಡು ಹೋಗುತ್ತೆ! ಬೆವರೋ ತೂತನ್ನೆಲ್ಲ ಎಣ್ಣೇಲಿ ಮುಚ್ಚಿದನಲ್ಲ ಈ ಮಹಾರಾಯ!" ಮಕ್ಕಳ ಕಡೆ ಕೈ ಬೀಸಿದಳು. "ನಂಬದಿದ್ರೆ ಎರಡು ಮಡಕೆ ಇಟ್ಟು ನೋಡ್ಕೊಳ್ಳಿ, ಹೋಗಿ!" ಮಕ್ಕಳು ಎರಡು ಮಡಕೆ ಹುಡುಕಿಕೊಂಡು ಓಡಿದರು.

ಮಗನನ್ನು ಎದುರಿಗೆ ಕೂರಿಸಿಕೊಂಡಳು. ಬೈದು ಬೈದು ಗಂಟಲು ಬಿದ್ದಿತ್ತು. "ನೋಡು ಮಾದ. ನಾಳೆ ನನ್ನ ಮಾತು ಕೇಳ್ಬೇಡ. ಮೇಷ್ಟ್ರು ಮೊದಲ ದಿನ ಏನು ಹೇಳಿದ್ರೋ ಅಷ್ಟನ್ನೇ ಮಾಡು. ಎದುರಿಗೆ ಎಂಥ ದೊಡ್ಡವರೇ ಇರ್ಲಿ, ಹೆದರ್ಬೇಡ. ಹೇಳಿದ್ದನ್ನ ಪೂರ್ತಿ ಮುಗಿಸು. ಅರ್ಧಕ್ಕೆ ಬಿಡ್ಬೇಡ."

"ಹಂಗೇ ಮಾಡ್ತೀನಿ ಕಣವ್ವ."

ಶುಕ್ರವಾರ ಸಾಹೇಬರು ಬಂದರು. ಹೊಟ್ಟೆ ಮುಂದೆ, ಸಾಹೇಬರು ಹಿಂದೆ. ಕ್ಲಾಸಿನ ನಡುವೆ ನಿಂತು ಗಂಟಲು ಸರಿಮಾಡಿಕೊಂಡರು.

"ಮಕ್ಕಳೇ, ನೀರು ಯಾಕೆ ಕುದಿಯುತ್ತೆ?"

ಮೂಲೆಯಿಂದ ಮರಿಮಾದ ಬಂದ. "ಹತ್ತು ಬಸ್ಕಿ, ಸಾಹೇಬ್ರೇ."

"ಏನಂದೆ?"

"ಇಪ್ಪತ್ತು."

"ಯಾರಯ್ಯ ಇವನು?"

"ಮೂವತ್ತು."

"ಲೋ ಮಾದ, ತಲೆ ಕೆಟ್ಟಿದ್ಯೇನೋ?" ಅಂತ ಶ್ರೀಕಂಠಯ್ಯ ಕಿರುಚಿದರು.

"ನಿಮಗೂ ಹತ್ತು, ಮೇಷ್ಟ್ರೇ."

ಮರಿಮಾದ ಬಾಗಿಲ ಚಿಲಕ ಹಾಕಿದ. ಸಾಹೇಬರ ಎರಡು ಕೈ ಎತ್ತಿ ಅವರ ಎರಡು ಕಿವಿಗೆ ಹಿಡಿಸಿದ. ಹೆಗಲು ಒತ್ತಿದ, ಕೂರಿಸಿದ. ಕಂಕುಳಿಗೆ ಕೈ ಕೊಟ್ಟ, ಎಬ್ಬಿಸಿದ. "ಒಂದು!" ಸಾಹೇಬರು "ಬಿಡೋ!" ಅಂದರು. "ಎರಡು!" ಐದಕ್ಕೆ ಅವರ ಉಸಿರು ಕಮ್ಮಾರನ ತಿದಿಯಾಯಿತು. ಜರೀನಾಗೆ ನೋಡಲಾಗಲಿಲ್ಲ. "ಹಂಗಲ್ಲ ಸಾರ್, ಉಸಿರು ಕಟ್ಬೇಡಿ. ಕೂರುವಾಗ ಎಳ್ಕೊಳ್ಳಿ, ಏಳುವಾಗ ಬಿಡಿ" ಅಂತ ಪಕ್ಕದಲ್ಲಿ ತಾನೇ ಹೊಡೆದು ತೋರಿಸಿದಳು. ಇನ್ನೊಂದು ಮೂಲೆಯಲ್ಲಿ ಶ್ರೀಕಂಠಯ್ಯ ತಾವಾಗಿಯೇ ಶುರುಮಾಡಿಕೊಂಡಿದ್ದರು.

ಅದೇ ಹೊತ್ತಿಗೆ ಸಾಹೇಬರಿಗೆ ಅಂತ ಬಿಸಿ ಪುರಿ ತಂದ ಚಿಕ್ಕತಾಯಮ್ಮ ಬಾಗಿಲು ಬಡಿದಳು. ಒಬ್ಬ ಹುಡುಗ ಚಿಲಕ ತೆಗೆದ. ಅವಳ ಕೈಯಿಂದ ಪುರಿಯ ಮೊರ ಜಾರಿ ಬಿತ್ತು.

"ಈ ಪೆದ್ದ ಮಗನನ್ನ ಕರ್ಕೊಂಡು ಹೋಗಮ್ಮ!" ಅಂತ ಶ್ರೀಕಂಠಯ್ಯ ಏದುಸಿರಿನಲ್ಲಿ ಕೂಗಿದರು. "ಇವನಿಗೆ ಕೆಲಸವೂ ಇಲ್ಲ, ಏನೂ ಇಲ್ಲ!"

ಸೌಟು ಹಿಡಿದ ಮೂವತ್ತು ವರ್ಷದ ಸಿಟ್ಟು ಆಗ ಸಿಡಿಯಿತು. "ನನ್ನ ಮಗ ಪೆದ್ದನಾ? ಪ್ರಶ್ನೆ ಕೇಳಿದವರಿಗೆ ಬಸ್ಕಿ ಅಂದೋರು ಯಾರು? ಮಕ್ಕಳು ಸ್ಕೂಲಲ್ಲಿ ಕೇಳದೆ ಸಂತೇಲಿ ಕೇಳ್ಬೇಕಾ? ಐಸು ಯಾಕೆ ಕರಗ್ತು ಅಂತ ಹೇಳೋಕೆ ನಿಮಗೆ ಬಾಯಿ ನೋವಾ? ಮೈ ಗಟ್ಟಿ ಮಾಡೋ ಬಸ್ಕೀನ ಶಿಕ್ಷೆ ಮಾಡಿಟ್ರೆ ಯಾವ ಮಗು ಮೈ ಬಗ್ಗಿಸುತ್ತೆ? ಹೇಳಿದ್ದನ್ನ ಹೇಳಿದ ಹಂಗೇ ಮಾಡಿದೋನು ಪೆದ್ದನಾದ್ರೆ, ಹೇಳಿದೋರು ಏನು?"

ಶ್ರೀಕಂಠಯ್ಯ ಮತ್ತೆ ಕಿವಿ ಹಿಡಿದುಕೊಂಡು ಉಳಿದ ಬಸ್ಕಿ ಹೊಡೆದರು.

ಮೂವತ್ತೂ ಮುಗಿಸಿ ಸಾಹೇಬರು ಬೆಂಚಿನ ಮೇಲೆ ಕುಸಿದರು. ಜರೀನಾ ತಣ್ಣಗಿನ ಮಡಕೆಯಿಂದ ನೀರು ಕೊಟ್ಟಳು, ಎಣ್ಣೆ ಮಡಕೆಯದನ್ನೂ ಕೊಟ್ಟಳು, ಎರಡಕ್ಕೂ ವ್ಯತ್ಯಾಸ ಯಾಕೆ ಅಂತ ಹೇಳಿದಳು. ಇನ್ನೊಬ್ಬ ಹೊಟ್ಟಿನೊಳಗೆ ಬೆಳಗ್ಗೆ ಇಟ್ಟ ಐಸು ತೋರಿಸಿದ. ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಹೇಳಿದರು. ಸಾಹೇಬರ ಸಿಟ್ಟು ಇಳಿಯಲಿಲ್ಲ. ಆದರೆ ಅದು ಮರಿಮಾದನನ್ನು ಬಿಟ್ಟು ಮೇಷ್ಟ್ರ ಕಡೆ ತಿರುಗಿತು. ಬಾಯಿ ತೆರೆಯಲು ಹೆದರಿ ಕಾಗದದಲ್ಲಿ ಬರೆದರು: "ಕೆಲಸ ಇವನಿಗೇ. ಇಂದು ಸಂಜೆಯ ಗಂಟೆಯೊಳಗೆ ರುಜು ಹಾಕಬೇಕು. ಪ್ರಶ್ನೆಗೆ ಬಸ್ಕಿ ನಾಳೆಯಿಂದ ರದ್ದು. ಬಸ್ಕಿ ಬೆಳಗ್ಗೆ ಎಲ್ಲರೂ ಹೊಡೆಯತಕ್ಕದ್ದು, ಮೇಷ್ಟ್ರುಗಳೂ ಸೇರಿ." ಕಾಗದವನ್ನು ಚಿಕ್ಕತಾಯಮ್ಮನ ಕೈಗೆ ಕೊಟ್ಟು ಕುಂಟುತ್ತಾ ಹೊರಟುಹೋದರು.

ಚಿಕ್ಕತಾಯಮ್ಮನ ಕಣ್ಣು ತುಂಬಿತು. "ಬಾ ಮಗ, ರುಜು ಹಾಕು."

ಮರಿಮಾದ ಬರಲಿಲ್ಲ. ಕಿವಿ ಹಿಡಿದುಕೊಂಡಿದ್ದ.

"ಅವ್ವ, ನೀನು ಆರು ಪ್ರಶ್ನೆ ಕೇಳ್ದೆ. ಅರವತ್ತಾಯ್ತು. ಕಾಗದದಲ್ಲಿ ರದ್ದು ನಾಳೆಯಿಂದ, ನೀನು ಇವತ್ತೇ ಕೇಳಿದ್ದು. ನಿನ್ನ ಮಂಡಿ ನೋವು ನಂಗೊತ್ತು. ನಿನ್ನದನ್ನ ನಾನೇ ಹೊಡೀತೀನಿ. ಅರ್ಧಕ್ಕೆ ಬಿಡ್ಬೇಡ ಅಂದವ್ಳು ನೀನೇ."

ಒಂದು, ಎರಡು, ಮೂರು... ಹತ್ತು, ಇಪ್ಪತ್ತು, ಮೂವತ್ತು. ಮೂವತ್ತೆಂಟಕ್ಕೆ ಲೆಕ್ಕ ತಪ್ಪಿತು. ಮಕ್ಕಳ ಕಡೆ ತಿರುಗಿದ.

"ಎಷ್ಟಾಯ್ತು?"

ಕೇಳಿದವನೇ ನಾಲಗೆ ಕಚ್ಚಿಕೊಂಡ. "ಅಯ್ಯಯ್ಯೋ! ನಾನೂ ಕೇಳಿಬಿಟ್ನಲ್ಲ! ಹತ್ತು ಜಾಸ್ತಿ!"

ಮತ್ತೆ ಮೊದಲಿಂದ. ಮತ್ತೆ ಲೆಕ್ಕ ತಪ್ಪಿತು. ಮತ್ತೆ "ಎಷ್ಟಾಯ್ತು?" ಮತ್ತೆ ಹತ್ತು ಜಾಸ್ತಿ!

ಸಂಜೆಯ ಗಂಟೆಗೆ ಇನ್ನು ಸ್ವಲ್ಪವೇ ಹೊತ್ತು. ಗಂಟೆ ಹೊಡೆಯಬೇಕಾದವನು ಬಸ್ಕಿ ಹೊಡೆಯುತ್ತಿದ್ದಾನೆ. ಚಿಕ್ಕತಾಯಮ್ಮ ಒಂದು ಕೈಯಲ್ಲಿ ಕಾಗದ, ಒಂದು ಕೈಯಲ್ಲಿ ಪೆನ್ನು ಹಿಡಿದು ಸುತ್ತ ಸುತ್ತುತ್ತಿದ್ದಾಳೆ, ಹಲ್ಲು ಕಡಿಯುತ್ತಿದ್ದಾಳೆ. ಬಾಯಿಗೆ ಬಂದ ಬೈಗುಳವನ್ನೆಲ್ಲ ನುಂಗುತ್ತಿದ್ದಾಳೆ. ಅವಳಿಗೆ ಬರುವ ಬೈಗುಳವೆಲ್ಲ ಪ್ರಶ್ನೆಯೇ.

ಗಂಟೆ ಇನ್ನೂ ಹೊಡೆದಿಲ್ಲವಂತೆ. ನೀವು ಆ ಕಡೆ ಹೋದಾಗ ಹೈಸ್ಕೂಲಿನ ಒಳಗಿಂದ ಧಪ್, ಧಪ್ ಅಂತ ಸದ್ದು ಕೇಳಿಸಿದರೆ ಸುಮ್ಮನೆ ತಲೆ ಬಗ್ಗಿಸಿ ಮುಂದೆ ಹೋಗಿ. ಯಾರದು ಅಂತ ಮಾತ್ರ ಕೇಳಬೇಡಿ.