ಚಿಗಟ ಮೇಷ್ಟ್ರ ಶಿಷ್ಯ

ಕಾಡಿನ ಜಿಮ್ನಾಸ್ಟಿಕ್ಸ್ ಕೂಟದಲ್ಲಿ ಪ್ರತಿ ವರ್ಷವೂ ಬೆಳ್ಳಿ ಗೆದ್ದು ಗೆದ್ದು ಬೇಸತ್ತಿದ್ದ ಕಪ್ಪುಮೂತಿಯ ಮಂಗ ಮುಸುವಣ್ಣ. ಈ ಸಲವೂ ಚಿನ್ನ ಬಾರದಿದ್ದರೆ ತಂಡದಿಂದ ಅವನಿಗೆ ಗೇಟ್‌ಪಾಸ್. ಅವನ ಬೆನ್ನಲ್ಲಿ ಬಿಟ್ಟಿ ವಾಸವಾಗಿದ್ದ ಚಿಗಟ, "ನನ್ನನ್ನ ಮೇಷ್ಟ್ರು ಮಾಡ್ಕೊಳಯ್ಯ. ನನ್ನ ಹಾಗೆ ಹಾರೋರು ಈ ಕಾಡಲ್ಲಿ ಯಾರಿದ್ದಾರೆ?" ಎಂದಿತು.

"ಅಪ್ಪಣೆ ಗುರುಗಳೇ!" ಎಂದು ಮುಸುವಣ್ಣ ಕೈಮುಗಿದ.

ಕೂಟದ ದಿನ ಅವನು ಕಂಬಿ ಹಿಡಿದದ್ದೇ ತಡ, ಮೇಷ್ಟ್ರು ಕಚ್ಚಿದರು. ಮುಸುವಣ್ಣ ಬುಗುರಿಯಂತೆ ಗಿರಗಿರ ತಿರುಗಿದ. ಮೇಷ್ಟ್ರು ಇನ್ನೊಮ್ಮೆ ಕಚ್ಚಿದರು. ಅವನು ಮರದ ತುದಿಗಿಂತ ಮೇಲೆ ಚಿಮ್ಮಿ, ಗಾಳಿಯಲ್ಲೇ ಲಾಗದ ಮೇಲೆ ಲಾಗ ಹಾಕಿ, ಎರಡೂ ಕಾಲೂರಿ ನೆಲಕ್ಕಿಳಿದ.

ತೀರ್ಪುಗಾರ ಕರಡಿ ಕುರ್ಚಿ ಬಿಟ್ಟೆದ್ದು ಕುಣಿಯಿತು. "ಭಲೇ! ಇನ್ನು ಕೈ ಎತ್ತಿ ಅಲ್ಲಾಡದೆ ನಿಂತುಬಿಡು, ಚಿನ್ನ ನಿಂದೇ!"

ಮುಸುವಣ್ಣ ಕೈ ಎತ್ತಿದ. ಮೇಷ್ಟ್ರು ಖುಷಿ ತಡೆಯಲಾಗದೆ ಮತ್ತೊಮ್ಮೆ ಕಚ್ಚಿದರು. ಶಿಷ್ಯ ಹಾರಿ ಹೋಗಿ ಕರಡಿಯ ತೋಳಿಗೆ ಬಿದ್ದ. ತನ್ನ ಸರದಿಯಲ್ಲಿ ಒಂದೇ ಸಲ ಹಾರಿ, ಇಳಿದ ಜಾಗದಲ್ಲೇ ಕಲ್ಲಿನಂತೆ ಕೂತಿದ್ದ ಎದುರಾಳಿ ಕಪ್ಪೆಗೆ ಚಿನ್ನ ಹೋಯಿತು.

"ಗುರುಗಳೇ, ಹಾರೋದು ಕಲಿಸಿದಿರಿ. ನಿಲ್ಲೋದು ಯಾವಾಗ ಕಲಿಸ್ತೀರಿ?" ಎಂದು ಮುಸುವಣ್ಣ ಬೆನ್ನು ಕೆರೆಯುತ್ತ ಕೇಳಿದ.

"ನಿಲ್ಲೋದಾ? ಅದು ನನಗೇ ಬರಲ್ಲವಲ್ಲೋ!" ಎನ್ನುತ್ತ ಮೇಷ್ಟ್ರು ಕರಡಿಯ ಮೈಗೆ ಹಾರಿದರು.