ಮೇಣದ ಅಂಗಿಯ ಕ್ಷಯಾಣು

ರೋಗಿಯೊಬ್ಬ ಕೆಮ್ಮಿದ ಕಫದ ಜೊತೆ ಬಾಯಿಯ ದುಂಡಾಣುವೊಂದು ಲ್ಯಾಬಿನ ಗಾಜಿನ ಪಟ್ಟಿಗೆ ಬಂದು ಬಿತ್ತು. ಪಕ್ಕದಲ್ಲೇ ಕಡ್ಡಿಯ ಹಾಗೆ ಸೆಟೆದು ಮಲಗಿದ್ದ ಕ್ಷಯಾಣುವನ್ನು ಕಂಡು ಅದಕ್ಕೆ ಕೇಳದೆ ಇರಲಾಗಲಿಲ್ಲ.

"ಅಣ್ಣಾ, ನಾನು ಅರ್ಧ ಗಂಟೆಗೊಮ್ಮೆ ಒಂದಿದ್ದದ್ದು ಎರಡಾಗುತ್ತೇನೆ. ನಿನಗೆ ಹೆಚ್ಚುಕಡಿಮೆ ಇಡೀ ದಿನವೇ ಬೇಕಂತೆ. ಯಾಕೆ?"

"ಮೈತುಂಬ ಮೇಣದ ಅಂಗಿ ಹೊಲಿದುಕೊಳ್ಳಬೇಕಲ್ಲಪ್ಪ! ಇದನ್ನು ದಾಟಿ ಒಳಗೆ ಬರುವುದು ಔಷಧಿಗೂ ಸುಲಭವಲ್ಲ. ನನ್ನನ್ನು ಹಿಡಿಯುವವರು ಇನ್ನೂ ಹುಟ್ಟಿಲ್ಲ."

ಅಷ್ಟರಲ್ಲಿ ಲ್ಯಾಬಿನ ಫಿಲೋಮಿನಾ ಮೇಡಂ ಪಟ್ಟಿಯ ಮೇಲೆ ಕೆಂಪು ಬಣ್ಣ ಸುರಿದು ಕೆಳಗೆ ದೀಪ ಹಿಡಿದರು. ಬಿಸಿಗೆ ಮೇಣ ಮೆತ್ತಗಾಯಿತು. ದುಂಡಾಣುವಿನ ಜೊತೆ ಕ್ಷಯಾಣುವೂ ಕೆಂಪಾಯಿತು. ಆಮೇಲೆ ಮೇಡಂ ಆ್ಯಸಿಡ್ ಹಾಕಿದರು. ದುಂಡಾಣುವಿನ ಕೆಂಪೆಲ್ಲ ಒಂದೇ ಗಳಿಗೆಯಲ್ಲಿ ಹರಿದುಹೋಯಿತು.

"ಅಣ್ಣಾ, ನೀನೂ ಬಿಟ್ಟುಬಿಡು!"

"ನನ್ನ ಅಂಗಿಯೊಳಗೆ ಬಂದದ್ದನ್ನು ನಾನು ಬಿಡುವುದುಂಟೇ? ಆ್ಯಸಿಡ್‌ಗೆ ಹೆದರಲು ನಾನೇನು ನೀನೇ?"

ಕೊನೆಗೆ ಬಿದ್ದದ್ದು ನೀಲಿ ಬಣ್ಣ. ದುಂಡಾಣು ನೀಲಿಯಾಯಿತು, ಸುತ್ತಲಿನ ಕಫವೂ ನೀಲಿಯಾಯಿತು. ಕೆಂಪು ತುಂಬಿಕೊಂಡಿದ್ದ ಕ್ಷಯಾಣುವಿಗೆ ಮಾತ್ರ ನೀಲಿ ಹತ್ತಲಿಲ್ಲ. ಮೇಡಂ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ಪಕ್ಕದ ಕೋಣೆಯ ಡಾಕ್ಟರನ್ನು ಕೂಗಿದರು.

"ಡಾಕ್ಟ್ರೇ, ಸಿಕ್ಕಿಬಿದ್ದ ನೋಡಿ! ಇಷ್ಟು ನೀಲಿಯ ಮಧ್ಯೆ ಇವನೊಬ್ಬನೇ ಕೆಂಪಗೆ ಕೂತಿದ್ದಾನೆ. ಇವತ್ತೇ ಮಾತ್ರೆ ಶುರು ಮಾಡಿ."

ದುಂಡಾಣು ಬೆರಗಾಗಿ ಹೇಳಿತು: "ಬಣ್ಣ ತೊಳೆದುಹೋದವರ ಬಣ್ಣ ಬಯಲಾಗುತ್ತದೆ ಅಂತ ಕೇಳಿದ್ದೆ ಅಣ್ಣಾ. ನಿನ್ನದು ತೊಳೆದುಹೋಗದೆ ಬಯಲಾಯಿತಲ್ಲ!"