ಸಾಹೇಬ್ರ ಬೆಲ್ಟ್ ಉಳಿತಾಯ

ಕೇಳ್ರೋ, ನಮ್ಮೂರ ಎಚ್‌ಐವಿ ಆಸ್ಪತ್ರೆ ಸಮಾರಂಭಕ್ಕೆ ಜಿಲ್ಲೆಯಿಂದ ದೊಡ್ಡ ಸಾಹೇಬ್ರು ರೇಷ್ಮೆ ಪಂಚೆ ಉಟ್ಕೊಂಡು, ಅದರ ಮೇಲೆ ಬೆಲ್ಟ್ ಬಿಗ್ಕೊಂಡು ಬಂದ್ರು! ಬಂದೋರೇ, "ಈ ವರ್ಷ ಹೊಸ ಸೋಂಕೇ ಇಲ್ಲ, ಹಳಬರೆಲ್ಲ ಗಟ್ಟಿಯಾಗಿದ್ದಾರೆ. ಇನ್ನು ನಿರೋಧ್ ಯಾಕೆ, ಮಾತ್ರೆ ಯಾಕೆ? ದಂಡ! ನಿಲ್ಸಿ!" ಅಂದ್ರು. ಮಾತ್ರೆಗೆ ಬಂದೋರೆಲ್ಲ ಕಂಗಾಲು!

ಆಗ ಆಸ್ಪತ್ರೆ ಕಸ ಗುಡಿಸೋ ಆಯಮ್ಮ ಕೇಳಿದ್ಳು: "ಸಾಹೇಬ್ರೇ, ನಿಮ್ಮ ಪಂಚೆ ಯಾವತ್ತಾದ್ರೂ ಜಾರಿದ್ಯಾ?"

"ಛೇ, ಇಲ್ವೇ ಇಲ್ಲ!"

"ಮತ್ತೆ ಬೆಲ್ಟ್ ಯಾಕೆ ದಂಡ? ಕೊಡಿ."

ಸಾಹೇಬ್ರು ಜಂಬದಲ್ಲಿ ಬಿಚ್ಚಿ ಕೊಟ್ಟೇಬಿಟ್ರು!

ಅಷ್ಟರಲ್ಲಿ ಮಂತ್ರಿಗಳು ಬಂದ್ರು. ಹಾರ ಹಾಕ್ಬೇಕು, ಪಂಚೆ ಜಾರ್ತಿದೆ! ಸಾಹೇಬ್ರು ಎರಡೂ ಕೈಲಿ ಸೊಂಟ ಹಿಡ್ಕೊಂಡು, ಹಾರಾನ ಹಲ್ಲಲ್ಲಿ ಕಚ್ಕೊಂಡು ನಿಂತವ್ರೆ!

"ಬೆಲ್ಟ್ ಕೊಡಮ್ಮಾ!" ಅಂತ ಹಲ್ಸಂದೀಲೇ ಗೋಗರೆದ್ರು.

"ಯಾಕೆ ಸಾರ್? ಇನ್ನೂ ಬಿದ್ದಿಲ್ವಲ್ಲ!"

"ಮಾತ್ರೆನೂ ಇರ್ಲಿ, ನಿರೋಧೂ ಇರ್ಲಿ, ಕೊಡು ತಾಯಿ!"

ಎದುರಿಗಿದ್ದ ಮೈಕು ಆನ್ ಆಗಿತ್ತು, ಆ ಮಾತು ಸಭೆಗೆಲ್ಲ ಕೇಳಿಸ್ತು. ಮಂತ್ರಿಗಳೇ ಮೊದಲು ಚಪ್ಪಾಳೆ ಹೊಡೆದ್ರು!